ಪಾಲಿಹೌಸಿನ ಹಳೇ ಮಣ್ಣು ತೆಗೆದು ಹೊಸದು ತುಂಬುವುದು: ಯಂತ್ರದಿಂದ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹತ್ತು ಗುಂಟೆಯ ಒಂದು ಜರ್ಬೆರಾ ಹೂವಿನ ಪಾಲಿಹೌಸಿನ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಯ) ಬೆಡ್‌ಗಳನ್ನು, ಅಂದರೆ ಗಿಡ ನೆಡುವ ಏರುಮಡಿಗಳನ್ನು, ಪೂರ್ತಿ ಎತ್ತಿ ಹೊರಹಾಕಿದರೆ ಹೆಚ್ಚೂಕಡಿಮೆ 250 ಟನ್ ಮಣ್ಣಾಗುತ್ತದೆ. ತುಂಬಿದ ಘಮೇಲಿಗೆ, ಎಂದರೆ ಮಣ್ಣು ಹೊರುವ ಬುಟ್ಟಿಗೆ, 15 ಕಿಲೋ ಹಿಡಿದರೂ ಹದಿನಾರು ಸಾವಿರಕ್ಕೂ ಹೆಚ್ಚು ಘಮೇಲಿ. ಇದು ಹೊರಗೆ ಹಾಕುವ ಲೆಕ್ಕ ಮಾತ್ರ. ಒಳಗೆ ತರುವ ಮಣ್ಣು ಇದಕ್ಕಿಂತ ಜಾಸ್ತಿ.

ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನ ತಳೇಗಾಂವ, ವಡಗಾಂವ, ಕಾಮಶೇತದ ಸುತ್ತಿನ ಪಾಲಿಹೌಸುಗಳಲ್ಲಿ ಈ ಘಮೇಲಿ ಹೊತ್ತವರಲ್ಲಿ ನಮ್ಮ ಇಂಡಿ, ಸಿಂದಗಿ, ಆಳಂದದ ಕಡೆಯಿಂದ ಬಂದ ಹೆಣ್ಣುಮಕ್ಕಳೂ ಇದ್ದಾರೆ. ಏಪ್ರಿಲ್ ಮಧ್ಯಾಹ್ನ ಪ್ಲಾಸ್ಟಿಕ್ಕಿನ ಕೆಳಗೆ ಗಾಳಿ ಇರುವುದಿಲ್ಲ, ಒದ್ದೆ ಮಣ್ಣಿನ ಹಬೆ ಮುಖಕ್ಕೆ ಹೊಡೆಯುತ್ತದೆ. ನಾನು ಮೊದಲ ಸಲ ಮಣ್ಣು ಬದಲಿಸಿದ ವರ್ಷ ಕೈಯಿಂದಲೇ ಮಾಡಿಸಿದ್ದೆ. ನಾಲ್ಕನೇ ದಿನ ಸಂಜೆ ಲೆಕ್ಕ ಕೇಳಲು ಹೋದರೆ ಒಬ್ಬಾಕೆ, "ಅಣ್ಣಾರ, ಎಷ್ಟ ಬುಟ್ಟಿ ಆದುವು ಅಂತ ಎಣಸೂದ ಬಿಟ್ಟೀನ್ರೀ, ಕುತಿಗಿ ತಿರಗವಲ್ದು" ಅಂದಳು. ತಲೆಯ ಮೇಲಿನ ಸಿಂಬೆಯನ್ನು ತೆಗೆಯಲಿಕ್ಕೂ ಆಕೆ ಎರಡೂ ಕೈ ಎತ್ತಲಾರದೆ ಮಗಳನ್ನು ಕರೆದಳು. ಮರುವರ್ಷದಿಂದ ಯಂತ್ರ ತರುವ ದಾರಿ ಹುಡುಕಿದೆ.

ಅಂದಿನಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಂತ್ರ ಬಾಡಿಗೆಗೆ ಸಿಗುತ್ತದೆ, ಮೂರು ನಾಲ್ಕು ದಿನದಲ್ಲಿ ತನ್ನ ಕೆಲಸ ಮುಗಿಸಿ ಹೋಗುತ್ತದೆ. ಅದು ಬರುವ ಮುಂಚಿನ ಮೂರು ವಾರ ನೀವು ಟೇಪು ಹಿಡಿದು ಏನು ಅಳೆದಿರಿ, ಕೊಳಕು ಮಣ್ಣು ಹೋಗುವ ದಾರಿ ಯಾವುದು, ಶುದ್ಧ ಮಣ್ಣು ಬರುವ ದಾರಿ ಯಾವುದು ಎಂದು ಹೇಗೆ ಬೇರ್ಪಡಿಸಿದಿರಿ ಎನ್ನುವುದರ ಮೇಲೆ ಮುಂದಿನ ಮೂರು ವರ್ಷದ ಬೆಳೆ ನಿಂತಿದೆ.

ಮೊದಲು ನೋಡಿ: ತೆಗೆಯಲೇಬೇಕೇ?

ಇಳುವರಿ ಇಳಿದ ಕೂಡಲೇ ಮಣ್ಣು ಸತ್ತಿತು ಎನ್ನುವವರು ಬಹಳ. ಜರ್ಬೆರಾ ಎರಡೂವರೆ ಮೂರು ವರ್ಷಕ್ಕೆ ತಾನಾಗಿಯೇ ಸೋಲುತ್ತದೆ, ಅದು ಗಿಡದ ವಯಸ್ಸು. ಮಣ್ಣಿನ ತಪ್ಪೋ ಅಲ್ಲವೋ ತಿಳಿಯಲು ಬೇರನ್ನೇ ಕೇಳಬೇಕು.

ಪ್ರತಿ ಸಾಲಿನಿಂದ ಹತ್ತು ಗಿಡ ಕಿತ್ತು ಬಕೆಟ್ ನೀರಿನಲ್ಲಿ ಬೇರು ತೊಳೆಯಿರಿ. ಎಳೆಯಬೇಡಿ, ಅಲ್ಲಾಡಿಸಿ ತೊಳೆಯಿರಿ. ಬೇರಿನ ಮೇಲೆ ಸಾಸಿವೆಯಿಂದ ಕಡಲೆಕಾಳಿನ ಗಾತ್ರದವರೆಗೆ ಗಂಟುಗಳಿದ್ದರೆ, ಉಗುರಿನಿಂದ ಕೆರೆದರೂ ಅವು ಕಳಚಿ ಬೀಳದೆ ಬೇರಿನದೇ ಭಾಗವಾಗಿ ಉಬ್ಬಿದ್ದರೆ, ಅದು ಬೇರುಗಂಟಿನ ಜಂತುಹುಳು, ಎಲ್ಲರೂ ನೆಮಟೋಡ್ ಎನ್ನುವುದು. ಬುಡ ಕಪ್ಪಾಗಿ ಕೊಳೆತು ಗಿಡ ಹಗುರಾಗಿ ಕೈಗೆ ಬಂದರೆ ಫೈಟೊಫ್ಥೋರಾದಂಥ ಕೊಳೆರೋಗ. ದಂಟನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ. ಹಾಳೆಯ ಮೇಲೆ ಪಾಲಿಹೌಸಿನ ನಕ್ಷೆ ಬರೆದು ಎಲ್ಲಿ ಏನು ಸಿಕ್ಕಿತೆಂದು ಗುರುತು ಹಾಕಿ. ರೋಗ ಎರಡೇ ಸಾಲಿನಲ್ಲಿದ್ದರೆ ಆ ಎರಡು ಸಾಲು ಮಾತ್ರ ತೆಗೆದರೂ ಸಾಕಾಗಬಹುದು.

ಬೇರು ಬೆಳ್ಳಗೆ ಚೆನ್ನಾಗಿದ್ದು ಎಲೆಯಂಚು ಸುಟ್ಟಂತಿದ್ದರೆ ಇಸಿ (ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆಯ ಅಳತೆ) ಅಳೆಯಿಸಿ. ಲವಣ ಕೂತಿರುವುದೇ ಕಾರಣವಾದರೆ, ಮತ್ತು ಕೆಳಗೆ ನೀರು ಬಸಿಯುತ್ತಿದ್ದರೆ, ತೊಳೆದರೆ ಹೋಗುತ್ತದೆ. ಒಂದು ಅಡಿ ಆಳದ ಮಣ್ಣಿನ ಮೂಲಕ ಆರಿಂಚು ನೀರು ಇಳಿದರೆ ಲವಣ ಸುಮಾರು ಅರ್ಧಕ್ಕಿಳಿಯುತ್ತದೆ, ಒಂದು ಅಡಿ ನೀರು ಇಳಿದರೆ ಐದರಲ್ಲಿ ನಾಲ್ಕು ಪಾಲು ಹೋಗುತ್ತದೆ. ಹತ್ತು ಗುಂಟೆಗೆ ಆರಿಂಚು ಎಂದರೆ ಒಂದೂವರೆ ಲಕ್ಷ ಲೀಟರ್. ದೊಡ್ಡ ಅಂಕಿಯೇ, ಆದರೆ 250 ಟನ್ ಮಣ್ಣು ಎತ್ತುವುದಕ್ಕಿಂತ ಅಗ್ಗ.

ಇನ್ನೊಂದು ಮಾತು. ಒಂದೇ ಮನೆಗೆ ಮೂರನೇ ಸಲ ಮಣ್ಣು ಬದಲಿಸುವ ಪ್ರಸಂಗ ಬಂದಿದ್ದರೆ, ನೆಲ ಬಿಟ್ಟು ಕೋಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ತೊಟ್ಟಿಗೆ ಹೋಗುವ ಖರ್ಚನ್ನೂ ಪಕ್ಕದಲ್ಲಿ ಬರೆದು ನೋಡಿ.

ಯಾವಾಗ

ಫೆಬ್ರವರಿ 14ರ ಗದ್ದಲ, ಆಮೇಲಿನ ಮದುವೆ ಹಂಗಾಮಿನ ಒಂದು ಭಾಗ ಮುಗಿಸಿ ಮಾರ್ಚ್ ಕೊನೆಗೆ ಗಿಡ ಕೀಳಿ. ಏಪ್ರಿಲ್ ಮೊದಲ ಹದಿನೈದರಲ್ಲಿ ಮಣ್ಣು ಹೊರಗೆ. ಅಲ್ಲಿಂದ ನಾಲ್ಕು ವಾರ ನೆಲಕ್ಕೆ ಬಿಸಿಲು. ಮೇ ನಡುವೆ ಹೊಸ ಮಣ್ಣು ಒಳಗೆ. ಮೇ 25ರ ಹೊತ್ತಿಗೆ ಮನೆಯ ಎಲ್ಲ ಮಗ್ಗುಲು ಮುಚ್ಚಿರಬೇಕು. ಜೂನ್‌ನಲ್ಲಿ ನಾಟಿ ಮಾಡಿದರೆ ಗಣಪತಿ ಹಬ್ಬದ ಆಸುಪಾಸಿಗೆ ಮೊದಲ ಹೂ ಕೈಗೆ ಬರುತ್ತದೆ.

ಮೇ 25 ಎಂದು ಒತ್ತಿ ಹೇಳಲು ಕಾರಣ ಉಂಟು. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡದ ಕಡಲತೀರಕ್ಕೆ ಬಡಿದು ಘಟ್ಟ ಹತ್ತಿ ಮಾವಳಕ್ಕೆ ಬಂತು. ಅಂಥ ಗಾಳಿ ಒಂದು ಬದಿ ತೆರೆದಿರುವ ಪಾಲಿಹೌಸಿಗೆ ನುಗ್ಗಿದರೆ ಒಳಗಿನಿಂದ ಮೇಲಕ್ಕೆ ಒತ್ತಿ ಇಡೀ ಮಾಡನ್ನೇ ಎತ್ತುತ್ತದೆ. ಯಂತ್ರಕ್ಕೆಂದು ಬಿಚ್ಚಿದ ಬಾಗಿಲನ್ನು ನಾಳೆ ಮುಚ್ಚೋಣ ಎಂದು ಬಿಡುವ ಕಾಲ ಅದಲ್ಲ.

ಬ್ರಾಸಿನ ಲೆಕ್ಕ

ಇಲ್ಲಿ ಮಣ್ಣು ಕೊಡುವವನೂ ಒಯ್ಯುವವನೂ ಮಾತಾಡುವುದು ಬ್ರಾಸಿನಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಲೆಕ್ಕ ಗೊತ್ತಿಲ್ಲದೆ ಕೂತರೆ ಅರ್ಧ ತುಂಬಿದ ಟ್ರಾಲಿಗೂ ಪೂರ್ತಿ ದುಡ್ಡು ಕೊಡುತ್ತೀರಿ.

ಹತ್ತು ಗುಂಟೆ ಅಂದರೆ ಸುಮಾರು 1000 ಚದರ ಮೀಟರ್. ನಡುವಿನ ದಾರಿ, ಅಂಚು ಕಳೆದು, ಬೆಡ್ಡು ಮತ್ತು ಕಾಲುದಾರಿ ಸೇರಿ ಒಂದು ಮೀಟರಿಗೊಂದು ಬೆಡ್ಡು ಎಂದು ಹಿಡಿದರೆ 850 ಮೀಟರ್ ಉದ್ದದ ಬೆಡ್ಡು, 2800 ಅಡಿ. ಮೂರು ವರ್ಷ ನೀರು ಕುಡಿದ ಬೆಡ್ಡು ಒಂದು ಅಡಿ ಎತ್ತರಕ್ಕೆ ಕೂತಿರುತ್ತದೆ, ಸರಾಸರಿ ಅಗಲ ಎರಡೂಕಾಲು ಅಡಿ. ಗುಣಿಸಿದರೆ 6300 ಘನ ಅಡಿ, 63 ಬ್ರಾಸ್. ಕೆದಕಿದ ಮೇಲೆ ಮಣ್ಣು ಉಬ್ಬುತ್ತದೆ, ಕಾಲುಭಾಗ ಸೇರಿಸಿ: ಟ್ರಾಲಿಯಲ್ಲಿ 79 ಬ್ರಾಸ್ ಹೊರಗೆ ಹೋಗುತ್ತದೆ.

ಹೊಸ ಬೆಡ್ಡು ಒಂದೂವರೆ ಅಡಿ ಎತ್ತರ, ಮೇಲೆ ಎರಡು ಅಡಿ, ಕೆಳಗೆ ಎರಡೂಕಾಲು ಚಿಲ್ಲರೆ. ಅದಕ್ಕೆ 90 ಬ್ರಾಸ್ ಬೇಕು. ನೀರು ಬಿಟ್ಟಾಗ ಇಳಿಯುವುದಕ್ಕೆ ಇನ್ನು 15 ಬ್ರಾಸ್ ಹಿಡಿದುಕೊಳ್ಳಿ. 105 ಬ್ರಾಸ್ ಮಿಶ್ರಣದಲ್ಲಿ ನೂರಕ್ಕೆ 70 ಕೆಂಪು ಮಣ್ಣು, 20 ತಿಪ್ಪೆಗೊಬ್ಬರ, 10 ಭತ್ತದ ಹೊಟ್ಟು. ನಿಮ್ಮ ಮನೆಯ ಬೆಡ್ಡು ಬೇರೆ ಅಳತೆಯದಿದ್ದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಇದೇ.

ಯಂತ್ರ ಆರಿಸುವುದು

ಹಳ್ಳಿಯಲ್ಲಿ ಮಣ್ಣು ಎಂದ ಕೂಡಲೇ ಜೆಸಿಬಿ ನೆನಪಾಗುತ್ತದೆ. ಒಳಗೆ ಅದು ಬೇಡ. ಏಳೆಂಟು ಟನ್ ತೂಗುತ್ತದೆ, ಹಿಂದಿನ ತೋಳು ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಪೈಪನ್ನೂ ಶೇಡ್‌ನೆಟ್ಟಿನ ತಂತಿಯನ್ನೂ ಎಳೆದು ಹಾಕುತ್ತದೆ. ಹೊರಗೆ ಟಿಪ್ಪರ್ ತುಂಬಲು, ಮಣ್ಣು ಕಲಸಲು ಅದು ಒಳ್ಳೆಯದು, ಅಲ್ಲಿಗೇ ನಿಲ್ಲಿಸಿ.

ಒಳಗಿನ ಕೆಲಸಕ್ಕೆ ಹತ್ತು ಗುಂಟೆ ಮತ್ತು ಮೇಲ್ಪಟ್ಟ ಮನೆಗಳಿಗೆ ನನ್ನ ಆಯ್ಕೆ ಸ್ಕಿಡ್ ಸ್ಟಿಯರ್ ಲೋಡರ್. ಎಲ್ಲರೂ ಅದನ್ನು ಬಾಬ್‌ಕ್ಯಾಟ್ ಎಂದೇ ಕರೆಯುತ್ತಾರೆ. ಅಗಲ ಐದಾರು ಅಡಿ, ನಿಂತಲ್ಲೇ ತಿರುಗುತ್ತದೆ. ನಮ್ಮ ಕಡೆಯ ಹೆಚ್ಚಿನ ಪಾಲಿಹೌಸುಗಳ ಕಂಬಗಳು 8 ಮೀಟರಿಗೆ 4 ಮೀಟರ್ ಅಂತರದಲ್ಲಿವೆ. ಎಂಟು ಮೀಟರಿನ ಅಗಲದ ಉದ್ದಕ್ಕೆ ಹೋದರೆ ಈ ಯಂತ್ರಕ್ಕೆ ಧಾರಾಳ ಜಾಗ, ಅಡ್ಡಕ್ಕೆ ನಾಲ್ಕು ಮೀಟರಿನಲ್ಲಿ ತೂರಿಸಲು ಹೋದರೆ ಕಂಬಕ್ಕೆ ಪೆಟ್ಟು. ಚಕ್ರದ ಬದಲು ರಬ್ಬರ್ ಪಟ್ಟಿಯದು ಸಿಕ್ಕರೆ ನೆಲ ಅಷ್ಟು ಗಟ್ಟಿಯಾಗುವುದಿಲ್ಲ. ಬಕೆಟ್ಟಿನಲ್ಲಿ ಸುಮಾರು 14 ಘನ ಅಡಿ ಹಿಡಿಯುತ್ತದೆ ಎಂದುಕೊಳ್ಳಿ, ಏಳು ಬಕೆಟ್ಟಿಗೆ ಒಂದು ಬ್ರಾಸ್. ಒಳಗೆ ಹೋಗಿ ಹೊರಗೆ ಬಂದು ಸುರಿಯಲು ಎರಡೂವರೆ ನಿಮಿಷ ಎಂದರೆ ಬ್ರಾಸಿಗೆ ಹದಿನೇಳು ಹದಿನೆಂಟು ನಿಮಿಷ. 79 ಬ್ರಾಸಿಗೆ 23 ತಾಸು, ದಿನಕ್ಕೆ ಎಂಟು ತಾಸಿನಂತೆ ಮೂರು ದಿನ.

ಐದು ಗುಂಟೆಯ ಸಣ್ಣ ಮನೆಗೆ, ಬಾಗಿಲು ಚಿಕ್ಕದಿದ್ದರೆ, ಮುಂದೆ ಬಕೆಟ್ ಹಾಕಿದ 15–20 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಸಾಕು. ಅದರ ಅಗಲ ಮೂರು ಮೂರೂವರೆ ಅಡಿ. ಅದೇ ಟ್ರ್ಯಾಕ್ಟರಿಗೆ ಆಮೇಲೆ ಕಲ್ಟಿವೇಟರ್, ರೋಟವೇಟರ್, ಬೆಡ್ ಮೇಕರ್ ಹಾಕಬಹುದು. ನಾಲ್ಕೈದು ಜನ ರೈತರು ಸೇರಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಲೋಡರ್ ಬಾಡಿಗೆಗೇ ಇರಲಿ.

ಮೂರನೆಯದು, ಯಾರೂ ಗಣನೆಗೆ ತೆಗೆದುಕೊಳ್ಳದ ಬೆಲ್ಟ್ ಕನ್ವೇಯರ್. ಕಟ್ಟಡದ ಕೆಲಸದಲ್ಲಿ, ಧಾನ್ಯದ ಗೋದಾಮಿನಲ್ಲಿ ಬಳಸುವ, ಗಾಲಿಯ ಮೇಲಿನ 16–20 ಅಡಿಯದು. ಯಾವ ಯಂತ್ರವೂ ಒಳಗೆ ಹೋಗಲಾರದ ಮನೆಯಲ್ಲಿ ಎರಡನ್ನು ಒಂದರ ತುದಿಗೆ ಒಂದು ಇಟ್ಟರೆ ಸಲಿಕೆಯವರು ಬುಡದಲ್ಲಿ ಹಾಕುತ್ತಾರೆ, ಮಣ್ಣು ತಾನೇ ಟ್ರಾಲಿಗೆ ಬೀಳುತ್ತದೆ. ತಲೆಯ ಮೇಲಿನ ಭಾರ ಪೂರ್ತಿ ಹೋಗುತ್ತದೆ. ಕಾಲ ಕೆಳಗೆ ಒದ್ದೆ ನೆಲವಿರುವುದರಿಂದ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇಲ್ಲದ ಬೋರ್ಡಿನಿಂದ ಅದಕ್ಕೆ ಕರೆಂಟು ಕೊಡಬೇಡಿ.

ಬಾಡಿಗೆ ಮಾತಾಡುವಾಗ ಡೀಸೆಲ್ ಯಾರದು, ಆಪರೇಟರ್ ಊಟ ಯಾರದು, ಯಂತ್ರ ತಂದು ಒಯ್ಯುವ ಲಾರಿ ಖರ್ಚು ಯಾರದು ಎಂದು ಬರೆಸಿಕೊಳ್ಳಿ. ಬೆಳಿಗ್ಗೆ ಮತ್ತು ಸಂಜೆ ತಾಸಿನ ಮೀಟರಿನ ಫೋಟೊ ತೆಗೆಯಿರಿ. ಯಂತ್ರ ಇಳಿಸುವ ಮೊದಲೇ ತೊಳೆದು ತರಬೇಕು ಎಂಬ ಷರತ್ತು ಹಾಕಿ. ಅದು ನಿನ್ನೆ ಯಾರ ಟೊಮೆಟೊ ಹೊಲದಲ್ಲಿತ್ತೋ ನಿಮಗೆ ಗೊತ್ತಿರುವುದಿಲ್ಲ.

ಹೊಸ ಮಣ್ಣನ್ನು ಮೊದಲು ಗೊತ್ತು ಮಾಡಿ, ಆಮೇಲೆ ಹಳೆಯದನ್ನು ಮುಟ್ಟಿ

ಮನೆ ಖಾಲಿ ಮಾಡಿ ಕೂತ ಮೇಲೆ ಮಣ್ಣು ಹುಡುಕುವವನಿಗೆ ಸಿಕ್ಕಿದ್ದೇ ಗತಿ. ಮಾವಳ, ಮುಳಶಿಯ ಘಟ್ಟದಂಚಿನ ಕೆಂಪು ಮಣ್ಣು, ಇಲ್ಲಿಯವರು ತಾಂಬಡೀ ಮಾತೀ ಎನ್ನುವುದು, ಜರ್ಬೆರಾಕ್ಕೂ ಗುಲಾಬಿಗೂ ಒಗ್ಗುತ್ತದೆ. ಪೂರ್ವಕ್ಕೆ ಹೋದಂತೆ ಸಿಗುವ ಕರಿಮಣ್ಣು ನೀರು ಹಿಡಿದು ಬೇರು ಉಸಿರುಗಟ್ಟಿಸುತ್ತದೆ. ಮಹಾರಾಷ್ಟ್ರದಲ್ಲಿ 2017ರಿಂದ ಅಣೆಕಟ್ಟಿನ ಹೂಳನ್ನು ರೈತರ ಹೊಲಕ್ಕೆ ಒಯ್ಯಲು ಬಿಡುವ ಯೋಜನೆ ಇದೆ, "ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ" ಎಂದು. ಜೋಳದ ಹೊಲಕ್ಕೆ ಅದು ಬಂಗಾರ, ಪಾಲಿಹೌಸಿನ ಬೆಡ್ಡಿಗೆ ಆಗುವುದಿಲ್ಲ. ಹೂಳೆಂದರೆ ನುಣ್ಣನೆಯ ಜಿಗುಟು, ಬಸಿಯುವುದಿಲ್ಲ.

ಮಣ್ಣಿನ ಗುಡ್ಡೆಯ ಹತ್ತಿರ ನಾನು ಒಯ್ಯುವ ಸಾಮಾನು ಮೂರು. ಒಂದು, ಟೈಲ್ಸ್ ತೊಳೆಯುವ ಆಸಿಡ್ಡನ್ನು ಒಂಬತ್ತು ಪಾಲು ನೀರಿಗೆ ಒಂದು ಪಾಲು ಹಾಕಿ ತೆಳು ಮಾಡಿದ ಸಣ್ಣ ಬಾಟಲಿ. ಆಸಿಡ್ ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಹಾಕಬಾರದು. ಒಣ ಹೆಂಟೆಯ ಮೇಲೆ ನಾಲ್ಕು ಹನಿ ಬಿಟ್ಟು ಕಿವಿ ಹತ್ತಿರ ಒಯ್ದರೆ ಚುರ್ ಎಂದು ಸದ್ದಾಗಿ ನೊರೆ ಏಳುತ್ತದೋ ನೋಡಿ. ಎದ್ದರೆ ಸುಣ್ಣವಿದೆ, ಪಿಎಚ್ ಇಳಿಸಲು ಜೀವಮಾನ ಹೆಣಗಬೇಕು, ಬಿಟ್ಟುಬಿಡಿ. ಎರಡು, ಗಾಜಿನ ಭರಣಿ. ಮೂರರಲ್ಲೊಂದು ಪಾಲು ಮಣ್ಣು, ಮೇಲೆ ನೀರು, ಜೋರಾಗಿ ಅಲುಗಿಸಿ ಒಂದು ದಿನ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ, ರೇವೆ ಒಂದೆರಡು ತಾಸಿನಲ್ಲಿ, ಜಿಗುಟು ಕೊನೆಗೆ. ಮೇಲಿನ ಜಿಗುಟಿನ ಪದರ ಮೂರರಲ್ಲೊಂದಕ್ಕಿಂತ ದಪ್ಪವಿದ್ದರೆ ನನಗೆ ಬೇಡ. ಮೂರು, ಕೈಚೀಲ, ಪ್ರಯೋಗಾಲಯಕ್ಕೆ ಕಳಿಸುವ ಮಾದರಿಗೆ. ಪಿಎಚ್ 5.5ರಿಂದ 6.5, ಇಸಿ 1ರ ಒಳಗೆ ಬೇಕು.

ಮಹಾರಾಷ್ಟ್ರದಲ್ಲಿ ಮಣ್ಣು, ಮುರುಮ್ (ಗರಸು) ಗೌಣ ಖನಿಜದ ಲೆಕ್ಕದಲ್ಲಿ ಬರುತ್ತವೆ. ತಹಸೀಲ್ ಕಚೇರಿಯ ಪರವಾನಗಿ, ರಾಯಲ್ಟಿ ಪಾವತಿ ಇಲ್ಲದೆ ರಸ್ತೆಗೆ ಬಂದ ಟ್ರಾಲಿ ಹಿಡಿದರೆ ದಂಡ ಜಬರದಸ್ತು. ಮಣ್ಣು ಕೊಡುವವನ ಹತ್ತಿರ ರಾಯಲ್ಟಿ ಕಟ್ಟಿದ ರಸೀದಿ ಕೇಳಿ ಪಡೆದು ಇಟ್ಟುಕೊಳ್ಳಿ.

ಹೊಟ್ಟಿಗೆ ನಮ್ಮಲ್ಲಿ ಕೊರತೆಯಿಲ್ಲ. ಇಂದ್ರಾಯಣಿ ಅಕ್ಕಿಯ ಸೀಮೆ ಇದು, ಮಿಲ್ಲುಗಳಲ್ಲಿ ಸಿಗುತ್ತದೆ. ತಿಪ್ಪೆಗೊಬ್ಬರ ಮಾತ್ರ ಪೂರ್ತಿ ಕಳಿತಿರಬೇಕು. ಮುಷ್ಟಿ ಹಿಡಿದರೆ ಬಿಸಿ ಇರಬಾರದು, ಸಗಣಿಯ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂದಿರಬೇಕು.

ಮನೆಯನ್ನು ಅಣಿ ಮಾಡುವುದು

ಗಿಡ ಕಿತ್ತು ಬೇರುಸಹಿತ ಆರಿಸಿ ಹೊರಗೆ ಸುಟ್ಟುಹಾಕಿ. ರೋಗದ ಗಿಡ ತಿಪ್ಪೆಗೆ ಹಾಕಬಾರದು. ಡ್ರಿಪ್ ಲ್ಯಾಟರಲ್ಲುಗಳನ್ನು (ಹನಿ ನೀರಿನ ಸಣ್ಣ ಪೈಪುಗಳನ್ನು) ಸುರುಳಿ ಸುತ್ತಿ ನಂಬರು ಕಟ್ಟಿ ತೆಗೆದಿಡಿ. ನೆಲದೊಳಗಿನ ಸಬ್‌ಮೇನ್ ಪೈಪು ಎಲ್ಲಿ ಹೋಗಿದೆ ಎಂದು ಎರಡು ಮೂರು ಕಡೆ ಕೈಯಿಂದ ಕೆದರಿ ನೋಡಿ, ಮೇಲೆ ಸುಣ್ಣದ ಗೆರೆ ಎಳೆಯಿರಿ. ಕೈಗೆಟಕುವ ಫಾಗರ್ ಸಾಲುಗಳನ್ನು ಮೇಲಕ್ಕೆ ಕಟ್ಟಿ.

ಇನ್ನು ದಾರಿ. ಜನ ಓಡಾಡುವ ಎರಡು ಬಾಗಿಲಿನ ಕೋಣೆಯಿಂದ ಲೋಡರ್ ಹೋಗುವುದಿಲ್ಲ, ಹೋಗಿಸಲೂ ಬಾರದು. ಮನೆಯ ಎರಡು ತುದಿಗಳಲ್ಲಿ ಒಂದೊಂದು ಕಡೆ ಜಿಗ್‌ಜಾಗ್ ಸ್ಪ್ರಿಂಗ್ (ಹಾಳೆಯನ್ನು ಚೌಕಟ್ಟಿಗೆ ಬಿಗಿಯುವ ತಂತಿ) ಬಿಚ್ಚಿ ಏಪ್ರನ್ನೂ (ಬದಿಯ ಕೆಳಭಾಗದ ಹಾಳೆ) ನೆಟ್ಟೂ ಸುತ್ತಿ ಮೇಲಕ್ಕೆ ಕಟ್ಟಿ ಹತ್ತು ಅಡಿಯ ದಾರಿ ಮಾಡಿ. ಒಂದು ಕೊಳಕು ದಾರಿ, ಇನ್ನೊಂದು ಶುದ್ಧ ದಾರಿ. ಕೊಳಕಿನದು ಗಾಳಿ ಹೊರಕ್ಕೆ ಬೀಸುವ ಕಡೆ, ನೀರು ಇಳಿದು ಹೋಗುವ ತಗ್ಗಿನ ಕಡೆ ಇರಲಿ. ಅಡ್ಡ ಪೈಪು ಬಿಚ್ಚಬೇಕಾದರೆ ಮನೆ ಕಟ್ಟಿದ ಫ್ಯಾಬ್ರಿಕೇಟರನ್ನು ಕೇಳಿಯೇ ಬಿಚ್ಚಿ. ಓರೆಯಾಗಿ ಕಟ್ಟಿದ ಬ್ರೇಸಿಂಗ್ ಪೈಪನ್ನು ಯಾರು ಹೇಳಿದರೂ ಮುಟ್ಟಬೇಡಿ.

ಪ್ರತಿ ಕಂಬಕ್ಕೂ ಹಳೇ ಮೋಟಾರ್‌ಸೈಕಲ್ ಟಯರ್ ಕಟ್ಟಿ, ಎದೆಮಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿ. ಕಂಬದ ಸುತ್ತ ಒಂದೂವರೆ ಅಡಿ ಸುಣ್ಣದ ವೃತ್ತ ಹಾಕಿ. ಆ ವೃತ್ತದೊಳಗೆ ಯಂತ್ರ ಇಲ್ಲ, ಸಲಿಕೆ ಮಾತ್ರ.

ಇದಕ್ಕೆ ಇಷ್ಟು ಒತ್ತು ಕೊಡುವುದು ನಾನು ಪೆಟ್ಟು ತಿಂದದ್ದರಿಂದ. ಎರಡನೇ ಸಲ ಮಾಡಿಸಿದಾಗ ಬಾಡಿಗೆಯ ಲೋಡರ್ ಹಿಂದಕ್ಕೆ ಬರುತ್ತ ಗಟರಿನ (ಮಾಡಿನ ಮಳೆನೀರು ಹರಿಯುವ ದೋಣಿಯ) ಕಂಬವೊಂದಕ್ಕೆ ತಾಗಿತು. ಕಂಬ ಎರಡು ಬೆರಳಷ್ಟು ವಾಲಿತು. ಆಪರೇಟರ್ "ಕಾಹೀ ನಾಹೀ" (ಏನೂ ಆಗಿಲ್ಲ) ಅಂದ, ನನಗೂ ಏನೂ ಅನಿಸಲಿಲ್ಲ. ಜುಲೈ ಮಳೆಯಲ್ಲಿ ಗೊತ್ತಾಯಿತು. ಮೇಲೆ ಗಟರಿನ ಜೋಡಣೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಒಂದೇ ಬೆಡ್ಡಿನ ಒಂದೇ ಜಾಗಕ್ಕೆ ಎರಡು ತಿಂಗಳು ಹನಿ ಬಿದ್ದು ಬಿದ್ದು ಅಲ್ಲಿ ಬುಡಕೊಳೆ ಹುಟ್ಟಿತು, ಕಾಲುದಾರಿಯ ನೀರಿನ ಜತೆ ಎರಡು ಸಾಲಿಗೆ ಹರಡಿತು. ಹೊಸ ಮಣ್ಣು, ಹೊಸ ಗಿಡ. ಸೆಪ್ಟೆಂಬರಿನಲ್ಲಿ ಆ ಗಿಡ ಕೀಳುವಾಗ ಕೈ ನಡುಗಿತ್ತು.

ಹೊರಹಾಕುವುದು

ಎರಡು ದಿನ ಮೊದಲೇ ನೀರು ನಿಲ್ಲಿಸಿದ ಮಣ್ಣು ಹದವಾಗಿರುತ್ತದೆ. ತೀರ ಒಣಗಿದ್ದರೆ ಧೂಳು, ಒದ್ದೆಯಿದ್ದರೆ ಬಕೆಟ್ಟಿಗೆ ಅಂಟುತ್ತದೆ. ನಾಲ್ಕೂ ಬದಿಯ ಕರ್ಟನ್ (ಸುತ್ತಿ ಮೇಲೆತ್ತುವ ಹಾಳೆ) ಪೂರ್ತಿ ಎತ್ತಿ. ಡೀಸೆಲ್ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಲೆ ಭಾರ, ವಾಕರಿಕೆ ಅಂದವರನ್ನು ಕೂಡಲೇ ಹೊರಗೆ ಕರೆತನ್ನಿ, ಯಂತ್ರ ನಿಲ್ಲಿಸಿ. ಸುಮ್ಮನೆ ನಿಂತಾಗ ಎಂಜಿನ್ ಓಡುತ್ತಿರಬಾರದು.

ಕೆಲಸ ಕೊಳಕು ದಾರಿಯ ಬಾಗಿಲಿನಿಂದ ಶುರುವಾಗಿ ಒಳಕ್ಕೆ ಹೋಗಬೇಕು. ಮೊದಲ ಬಕೆಟ್ ಬಾಗಿಲ ಹತ್ತಿರದ್ದು, ಕೊನೆಯದು ದೂರದ ತುದಿಯದು. ಹೀಗಾದರೆ ಯಂತ್ರ ಯಾವಾಗಲೂ ತೆರವಾದ ನೆಲದ ಮೇಲೆ ಓಡಾಡುತ್ತದೆ. ಬಕೆಟ್ ಒಳಗೆ ಮೊಣಕಾಲಿಗಿಂತ ಮೇಲೆ ಏಳಬಾರದು, ಎತ್ತಿ ಸುರಿಯುವುದೆಲ್ಲ ಹೊರಗೆ. ಬೆಡ್ಡಿನ ಬುಡಕ್ಕಿಂತ ಎರಡು ಮೂರು ಇಂಚು ಕೆಳಗೆ ಕೆರೆದರೆ ಸಾಕು. ಇನ್ನೂ ಆಳ ಹೋದರೆ ಶುದ್ಧವಾದೀತು ಎಂಬ ಆಸೆ ಬೇಡ, ಜಂತುಹುಳು ಎರಡು ಮೂರು ಅಡಿ ಕೆಳಗೂ ಇರುತ್ತದೆ, ಅಷ್ಟನ್ನು ಯಾರೂ ತೆಗೆಯಲಾರರು. ಆಳ ಹೋದಷ್ಟೂ ಕಂಬದ ಕಾಂಕ್ರೀಟು ಬಯಲಾಗುತ್ತದೆ. ಎಲ್ಲಾದರೂ ಬಯಲಾದರೆ ಅದೇ ಸಂಜೆ ಮುರುಮ್ ತುಂಬಿ ಧಮ್ಮಸು ಹೊಡೆದು ಬಿಡಿ.

ಆಪರೇಟರಿಗೆ ಸನ್ನೆ ಮಾಡುವವನು ಒಬ್ಬನೇ ಇರಲಿ. ಇಬ್ಬರು ಕೂಗಿದರೆ ಆತ ಇಬ್ಬರದೂ ಕೇಳುವುದಿಲ್ಲ. ಯಂತ್ರಕ್ಕೂ ಕಂಬಕ್ಕೂ ನಡುವೆ ಯಾರೂ ನಿಲ್ಲಬಾರದು. ಕೂಲಿಯವರ ಮಕ್ಕಳು ಪಾಲಿಹೌಸಿನ ನೆರಳಿಗೆ ಬಂದು ಮಲಗುತ್ತಾರೆ. ಆ ಮೂರು ದಿನ ಅವರಿಗೆ ಬೇರೆ ನೆರಳು ಮಾಡಿಕೊಡಿ, ಒಬ್ಬ ಹಿರಿಯ ಹೆಣ್ಣುಮಗಳನ್ನು ಅಲ್ಲೇ ಕೂಡಿಸಿ, ಆಕೆಗೂ ಪೂರ್ತಿ ಕೂಲಿ ಕೊಡಿ. ಯಂತ್ರ ಬಂತೆಂದು ಹೆಣ್ಣಾಳುಗಳ ಕೂಲಿ ನಿಲ್ಲಿಸಿದವರನ್ನು ನೋಡಿದ್ದೇನೆ, ಅದು ಸರಿಯಲ್ಲ. ಕಂಬದ ಸುತ್ತ ಬಿಡಿಸುವುದು, ಬೇರು ಆರಿಸುವುದು, ಆಮೇಲೆ ಬೆಡ್ಡಿನ ಅಂಚು ಕಟ್ಟುವುದು, ಡ್ರಿಪ್ ಹಾಸುವುದು, ಯಂತ್ರಕ್ಕೆ ಬಾರದ ಕೆಲಸವೇ ಹದಿನೈದು ದಿನದ್ದಿರುತ್ತದೆ.

ತೆಗೆದ ಮಣ್ಣನ್ನು ಪಾಲಿಹೌಸಿನ ಪಕ್ಕ, ಅದರಲ್ಲೂ ಎತ್ತರದ ಕಡೆ ರಾಶಿ ಹಾಕಬೇಡಿ, ಮೊದಲ ಮಳೆಗೇ ನೀರಿನ ಜತೆ ವಾಪಸು ಬರುತ್ತದೆ. ಹಳ್ಳಕ್ಕೂ ಬೇಡ. ಟೊಮೆಟೊ, ಬದನೆ, ಬೆಂಡೆ, ಸೌತೆ ಬೆಳೆಯುವವರು "ಗೊಬ್ಬರ ತಿಂದ ಮಣ್ಣು, ನಮಗೆ ಕೊಡ್ರಿ" ಎಂದು ಕೇಳುತ್ತಾರೆ. ಆ ಬೆಳೆಗಳೆಲ್ಲ ಬೇರುಗಂಟಿನ ಹುಳಕ್ಕೆ ಹಬ್ಬದೂಟ. ಕಟ್ಟಡದ ಪಾಯಕ್ಕೆ, ಹೊಲದ ದಾರಿಗೆ ತುಂಬಲು ಕೊಡಿ, ಕಾರಣವನ್ನೂ ಹೇಳಿ ಕೊಡಿ.

ನೆಲಕ್ಕೆ ಬಿಸಿಲು, ಯಂತ್ರಕ್ಕೆ ಸ್ನಾನ

ಖಾಲಿ ನೆಲವನ್ನು ಮಿನಿ ಟ್ರ್ಯಾಕ್ಟರಿನ ಕಲ್ಟಿವೇಟರಿನಿಂದ ಒಂದು ಸಲ ಸಡಿಲಿಸಿ, ಚೆನ್ನಾಗಿ ನೀರು ಕುಡಿಸಿ, 25ರಿಂದ 50 ಮೈಕ್ರಾನಿನ ಪಾರದರ್ಶಕ ಹಾಳೆ ಹಾಸಿ ಅಂಚುಗಳನ್ನು ಮಣ್ಣಿನಲ್ಲಿ ಹೂತುಬಿಡಿ. ಕಪ್ಪು ಹಾಳೆ ಬೇಡ, ಬಿಸಿಲು ಮಣ್ಣಿಗೆ ಇಳಿಯಬೇಕು. ನೆಟ್ಟು ಕಟ್ಟಿ, ಕರ್ಟನ್ ಇಳಿಸಿ, ನಾಲ್ಕು ವಾರ ಬಿಡಿ, ಆರಾದರೆ ಇನ್ನೂ ಒಳ್ಳೆಯದು. ನಾಲ್ಕಿಂಚು ಆಳದಲ್ಲಿ 45–50 ಡಿಗ್ರಿ ತಲುಪಬೇಕು. ಅಡುಗೆಯ ಥರ್ಮಾಮೀಟರ್ ಚುಚ್ಚಿ ಮಧ್ಯಾಹ್ನ ಮೂರಕ್ಕೆ ನೋಡಿ ಬರೆದಿಡಿ.

ಮಣ್ಣಿನ ರೋಗಾಣು ಕೊಲ್ಲಲು ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ಕರಗಿಸಿದ ನೀರು) ಸುರಿಯುವ ರೂಢಿ ಇನ್ನೂ ಇದೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು, ಮುಚ್ಚಿದ ಮನೆಯಲ್ಲಿ ಆಳುಗಳ ಕೈಯಿಂದ ಅದನ್ನು ಸುರಿಸುವುದು ನನಗೆ ಒಪ್ಪಿಗೆಯಿಲ್ಲ. ರೋಗ ಬಹಳವಿದ್ದು, ಮಣ್ಣಿನಲ್ಲಿ ವಿಷದ ಗಾಳಿ ಬಿಟ್ಟು ರೋಗಾಣು ಕೊಲ್ಲುವ ಡಾಜೊಮೆಟ್‌ನಂಥ ಹರಳು ಬಳಸಲೇಬೇಕಾದರೆ ಲೇಬಲ್ಲಿನಲ್ಲಿ ಹೇಳಿದಷ್ಟೇ ಹಾಕಿ, ಮುಖವಾಡ ಕೊಡಿ, ಹೇಳಿದಷ್ಟು ದಿನ ಮುಚ್ಚಿ, ತೆರೆದು ಗಾಳಿಯಾಡಲು ಬಿಡಿ. ಆಮೇಲೆ ಆ ಮಣ್ಣನ್ನು ಒಂದು ಬಿಗಿಮುಚ್ಚಳದ ಭರಣಿಗೆ ಹಾಕಿ ಮೇಲೆ ಒದ್ದೆ ಹತ್ತಿಯಲ್ಲಿ ಸಾಸಿವೆ ಕಾಳು ಇಡಿ, ಬೇರೊಂದು ಭರಣಿಯಲ್ಲಿ ಒಳ್ಳೆಯ ಮಣ್ಣಿನ ಮೇಲೂ ಹಾಗೇ. ಎರಡರಲ್ಲೂ ಸಮನಾಗಿ ಮೊಳೆತರೆ ವಿಷದ ಗಾಳಿ ಹೋಗಿದೆ ಎಂದರ್ಥ.

ಹಳೇ ಮಣ್ಣು ತೆಗೆದ ಯಂತ್ರವೇ ಹೊಸ ಮಣ್ಣು ತರುವುದಾದರೆ, ನಡುವೆ ಪ್ರೆಷರ್ ವಾಷರಿನಿಂದ ತೊಳೆಯಬೇಕು. ಬಕೆಟ್ಟಿನ ಹಲ್ಲುಗಳ ಸಂದು, ಪಟ್ಟಿಯ ಒಳಮಗ್ಗುಲು, ಆಪರೇಟರ್ ಕಾಲಿಡುವ ಪಾಟಿ, ಟ್ರಾಲಿಯ ಮೂಲೆ. ಸಲಿಕೆ, ಘಮೇಲಿ, ಬೂಟು ಕೂಡ. ಒಂದು ವರ್ಷ ಅವಸರದಲ್ಲಿ ಬಕೆಟ್ ಮಾತ್ರ ತೊಳೆಸಿ ಟ್ರಾಲಿ ಬಿಟ್ಟಿದ್ದೆ. ಆರನೇ ತಿಂಗಳಿಗೆ, ಟ್ರಾಲಿ ನಿಲ್ಲುತ್ತಿದ್ದ ಬಾಗಿಲ ಪಕ್ಕದ ಬೆಡ್ಡಿನಲ್ಲಿ ಮಾತ್ರ ಬೇರುಗಂಟು ಕಂಡಿತು, ಮನೆಯ ಬೇರೆಲ್ಲೂ ಇರಲಿಲ್ಲ. ತೊಳೆದ ನೀರು ತಗ್ಗಿನ ಕಡೆ ಹರಿದು ಹೋಗುವಂತೆ ಕೊಳಕು ದಾರಿಯ ಹೊರಗೇ ತೊಳೆಯಿರಿ. ಆಮೇಲೆ ಆ ದಾರಿ ಮುಚ್ಚಿಬಿಡಿ. ಮುಂದಿನದೆಲ್ಲ ಶುದ್ಧ ದಾರಿಯಿಂದ.

ಕಲಸಿ ತುಂಬುವುದು

ಕಲಸುವುದು ಹೊರಗೆ, ಕಾಂಕ್ರೀಟ್ ಅಂಗಳದಲ್ಲಿ ಅಥವಾ ದಪ್ಪ ತಾಡಪಲ್ ಮೇಲೆ. ಕೆಂಪು ಮಣ್ಣನ್ನು ಮೊದಲು ಜರಡಿ ಹಿಡಿಯಬೇಕು. ಅರ್ಧ ಇಂಚಿನ ಜಾಳಿಯನ್ನು ಗಟ್ಟಿ ಚೌಕಟ್ಟಿಗೆ ಬಿಗಿದು ಓರೆಯಾಗಿ ನಿಲ್ಲಿಸಿ, ಲೋಡರ್ ಮೇಲಿನಿಂದ ಸುರಿದರೆ ಕಲ್ಲು ಮುಂದಕ್ಕೆ ಉರುಳುತ್ತದೆ, ಮಣ್ಣು ಕೆಳಗೆ ಬೀಳುತ್ತದೆ. ಆಮೇಲೆ ಏಳು ಬಕೆಟ್ ಮಣ್ಣು, ಎರಡು ಗೊಬ್ಬರ, ಒಂದು ಹೊಟ್ಟು, ಪದರಪದರವಾಗಿ ಉದ್ದನೆಯ ದಿಬ್ಬ ಹಾಕಿ ಒಂದು ತುದಿಯಿಂದ ಬಕೆಟ್ಟಿನಲ್ಲಿ ಎತ್ತಿ ಪಕ್ಕಕ್ಕೆ ಮಗುಚಿ. ಹೀಗೆ ಮೂರು ಸಲ ಮಗುಚಿದರೆ ಬಣ್ಣ ಒಂದೇ ಆಗುತ್ತದೆ. ರೋಟವೇಟರ್ ಹೊಡೆದರೂ ಕಲಸುತ್ತದೆ, ಆದರೆ ಮಣ್ಣಿನ ಕಣ ಪುಡಿಪುಡಿಯಾಗಿ ಆಮೇಲೆ ಹೆಪ್ಪುಗಟ್ಟುತ್ತದೆ, ನಾನು ಬಳಸುವುದಿಲ್ಲ. ಹದ ನೋಡಲು ಮುಷ್ಟಿ ಹಿಂಡಿ: ಉಂಡೆಯಾಗಬೇಕು, ಹೆಬ್ಬೆರಳಿಂದ ಒತ್ತಿದರೆ ಬಿರಿಯಬೇಕು. ಬಿರಿಯದೆ ಬೆರಳಿನ ಗುರುತು ಮೂಡಿದರೆ ಒಂದು ದಿನ ಆರಲು ಬಿಡಿ.

ಒಳಗೆ ತುಂಬುವಾಗ ಕ್ರಮ ತಿರುಗುಮುರುಗು. ಶುದ್ಧ ದಾರಿಯಿಂದ ಅತಿ ದೂರದ ತುದಿಯಲ್ಲಿ ಮೊದಲ ಬಕೆಟ್ ಬೀಳಬೇಕು, ಬಾಗಿಲ ಬಳಿ ಕೊನೆಯದು. ಯಂತ್ರ ಹಿಂದೆ ಸರಿಯುತ್ತ ಬರುತ್ತದೆ, ಹಾಕಿದ ಹೊಸ ಮಣ್ಣಿನ ಮೇಲೆ ಒಂದು ಸಲವೂ ಚಕ್ರ ಏರುವುದಿಲ್ಲ. ತುಂಬುವ ಮೊದಲು ಕಂಬದ ಸಾಲುಗಳ ನಡುವಿನ ಆ ಎಂಟು ಮೀಟರಿನ ತುಂಡಿನಲ್ಲಿ ಬೆಡ್ಡು ಬರುವ ಗೆರೆಯಷ್ಟನ್ನು ಕಲ್ಟಿವೇಟರಿನಿಂದ ಮತ್ತೆ ಸಡಿಲಿಸಿ, ಲೋಡರ್ ಓಡಾಡಿ ಗಟ್ಟಿಯಾದದ್ದು ಹಾಗೇ ಉಳಿದರೆ ಬೆಡ್ಡಿನಡಿ ನೀರು ನಿಲ್ಲುತ್ತದೆ. ಸಡಿಲಿಸು, ತುಂಬು, ಹಿಂದೆ ಸರಿ. ಕಾಲುದಾರಿ ಗಟ್ಟಿಯಿದ್ದರೆ ಅಡ್ಡಿಯಿಲ್ಲ, ನಡೆಯಲು ಒಳ್ಳೆಯದು. ನೆಲದ ಇಳಿಜಾರು ನೂರು ಅಡಿಗೆ ಒಂದು ಅಡಿಯಂತೆ ಬಸಿಗಾಲುವೆಯ ಕಡೆ ಇದೆಯೇ ಎಂದು ತುಂಬುವ ಮುಂಚೆ ಟ್ಯೂಬ್ ಲೆವೆಲ್ಲಿನಿಂದ ನೋಡಿಕೊಳ್ಳಿ, ಆಮೇಲೆ ತಿದ್ದಲು ಆಗುವುದಿಲ್ಲ.

ಬೆಡ್ಡು ಎಬ್ಬಿಸಿ ನೀರು ಬಿಡುವುದು

ಬೆಡ್ ಮೇಕರ್ ಹಾಕಿದ ಮಿನಿ ಟ್ರ್ಯಾಕ್ಟರ್ ಮುಕ್ಕಾಲು ಆಕಾರ ಕೊಡುತ್ತದೆ, ಉಳಿದ ಕಾಲುಪಾಲು ಹಗ್ಗ ಕಟ್ಟಿ ಸಲಿಕೆಯಿಂದ. ಮೇಲೆ ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ, ನಡುವೆ ಒಂದು ಅಡಿ ಕಾಲುದಾರಿ. ಬೆಡ್ಡಿನ ಮೇಲೆ ಕಾಲಿಟ್ಟು ನಡೆಯಲು ಯಾರಿಗೂ ಬಿಡಬೇಡಿ, ಮಾಲೀಕರಿಗೂ ಸಹ.

ಡ್ರಿಪ್ ಹಾಸಿ ಮೂರು ದಿನ ಸಾವಕಾಶ ನೀರು ಬಿಡಿ. ಬೆಡ್ಡು ಎರಡು ಮೂರು ಇಂಚು ಇಳಿಯುತ್ತದೆ. ತೆಗೆದಿಟ್ಟ ಮಿಶ್ರಣದಿಂದ ತಗ್ಗು ತುಂಬಿ ಮತ್ತೆ ನೀರು ಬಿಡಿ, ವಾರ ಕಾಯಿರಿ. ಆ ವಾರದಲ್ಲಿ ಬೆಡ್ಡಿನ ಹತ್ತು ಕಡೆಯಿಂದ ಆರಿಂಚು ಆಳದ ಮಣ್ಣು ತೆಗೆದು ಇಸಿ, ಪಿಎಚ್ ಮತ್ತೊಮ್ಮೆ ಅಳೆಯಿಸಿ. ಗೊಬ್ಬರದಿಂದ ಇಸಿ ಏರಿದ್ದರೆ ಬರೀ ನೀರಿನಿಂದ ಇನ್ನೆರಡು ಸಲ ತೊಳೆಯಿರಿ. ಬೆಡ್ಡಿನ ಮಧ್ಯೆ ಒಂದು ಅಡಿ ಗುಂಡಿ ತೋಡಿ ತಂಬಿಗೆ ನೀರು ಹೊಯ್ದು ನೋಡಿ, ಹತ್ತು ನಿಮಿಷದಲ್ಲಿ ಇಂಗಬೇಕು. ಇಂಗದ ಬೆಡ್ಡಿಗೆ ಗಿಡ ಇಡಬೇಡಿ, ಆ ಒಂದು ಬೆಡ್ಡನ್ನು ಬಿಡಿಸಿ ಕೆಳಗಿನ ನೆಲವನ್ನು ಹಾರೆ ಹಾಕಿ ಸಡಿಲಿಸಿ ಮತ್ತೆ ಕಟ್ಟಿ.

ಬೇರುಗಂಟಿನ ನಕ್ಷೆ ಬರೆದ ಹಾಳೆಯನ್ನು ಎಸೆಯಬೇಡಿ, ಬಾಗಿಲ ಕೋಣೆಯ ಗೋಡೆಗೆ ಅಂಟಿಸಿ. ನಾಟಿಯಾದ ಮೂರನೇ ತಿಂಗಳಲ್ಲಿ ಮೊದಲು ಕೀಳಿ ನೋಡಬೇಕಾದ ಗಿಡಗಳು ಆ ಹಳೇ ಗುರುತುಗಳ ಮೇಲೆ, ಮತ್ತು ಟ್ರಾಲಿ ನಿಂತಿದ್ದ ಬಾಗಿಲ ಪಕ್ಕದಲ್ಲಿ ಇರುತ್ತವೆ.